ಹೆಣ್ಣು–ಗಂಡು ಭೇದದ ಸಾಮಾಜಿಕ ರೂಪಣೆ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆ

ಹೆಣ್ಣು ಮಕ್ಕಳಿಗೂ ಗಂಡು ಮಕ್ಕಳಿಗೂ ನಡುವೆ ಕಾಣುವ ನಡೆ, ನುಡಿ, ಉಡುಪು, ಕೆಲಸ, ಆಸೆಗಳ ವ್ಯತ್ಯಾಸದಲ್ಲಿ ಹುಟ್ಟಿನಿಂದ ಬಂದದ್ದು ಸ್ವಲ್ಪ. ಬೆಳೆಸುವವರು ಕಲಿಸಿದ್ದು, ಕಟ್ಟುಪಾಡು ವಿಧಿಸಿದ್ದು, ಕೂಲಿ ಮತ್ತು ಆಸ್ತಿಯ ಲೆಕ್ಕಾಚಾರ ಗಟ್ಟಿ ಮಾಡಿದ್ದು ಹೆಚ್ಚು. ದೇಹಕ್ಕೆ ಸಂಬಂಧಿಸಿದ ಭೇದವನ್ನು ಲಿಂಗ ಎಂದೂ, ಅದರ ಮೇಲೆ ಸಮಾಜ ಕಟ್ಟಿದ ನಿರೀಕ್ಷೆ, ನಡವಳಿಕೆ, ಅಧಿಕಾರಗಳ ವ್ಯವಸ್ಥೆಯನ್ನು ಲಿಂಗತ್ವ ಎಂದೂ ಸಮಾಜಶಾಸ್ತ್ರ ಬೇರೆಬೇರೆಯಾಗಿ ಹೆಸರಿಸುತ್ತದೆ. ತುಂಗಭದ್ರೆಯ ಬಲದಂಡೆಯ ಹೊಸಪೇಟೆ, ಹಂಪಿ, ಕಂಪ್ಲಿ ಮತ್ತು ಅವುಗಳ ದಕ್ಷಿಣಕ್ಕೆ ಗುಡ್ಡಗಳ ನಡುವಿನ ಸಂಡೂರು ಸೇರಿದ ಸೀಮೆಯಲ್ಲಿ ಈ ರೂಪಣೆಯ ಬಗೆಗಳು ವಿಶೇಷ ಸ್ಪಷ್ಟವಾಗಿ ಕಾಣುತ್ತವೆ. ಕಾಲುವೆ ನೀರಾವರಿ, ಅದಿರು ಗಣಿ, ಲಂಬಾಣಿ ತಾಂಡಾ, ಯಾತ್ರಾಸ್ಥಳ, ಉಕ್ಕಿನ ಕಾರ್ಖಾನೆ ಇಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ. ಒಂದೇ ಕೆಲಸ ಒಂದು ಕಡೆ ಹೆಣ್ಣಿನದು, ಮತ್ತೊಂದು ಕಡೆ ಗಂಡಿನದು ಆಗುವುದನ್ನು ಕೆಲವೇ ಮೈಲಿಗಳ ಅಂತರದಲ್ಲಿ ನೋಡಬಹುದು.

ಈ ಸೀಮೆಗೆ ಒಂದೇ ಆಡಳಿತದ ಚರಿತ್ರೆ ಇಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಸಂಡೂರು ಘೋರ್ಪಡೆ ಮನೆತನದ ಸಣ್ಣ ಸಂಸ್ಥಾನವಾಗಿತ್ತು. 2021ರಲ್ಲಿ ಹೊಸಪೇಟೆ ಕೇಂದ್ರವಾಗಿ ವಿಜಯನಗರ ಜಿಲ್ಲೆ ರಚನೆಯಾದಾಗ ಹಂಪಿ ಅದರೊಳಗೆ ಹೋಯಿತು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಮೈಸೂರು ಸಂಸ್ಥಾನ 1933ರಲ್ಲಿ ಹಿಂದೂ ಮಹಿಳೆಯರ ಆಸ್ತಿ ಹಕ್ಕಿಗೆ ಮಾಡಿದ ಕಾನೂನು, ಆಗ ಈ ಸೀಮೆ ಮೈಸೂರಿಗೆ ಸೇರಿರದ ಕಾರಣ, ಇಲ್ಲಿನ ಹೆಣ್ಣುಮಕ್ಕಳನ್ನು ಮುಟ್ಟಲಿಲ್ಲ.

ವಿಚಾರದ ಹಿನ್ನೆಲೆ

ಲಿಂಗತ್ವವು ಸಮಾಜದ ನಿರ್ಮಿತಿ ಎಂಬ ವಾದಕ್ಕೆ ಶಾಸ್ತ್ರದ ನೆಲೆ ದೊರೆತದ್ದು 20ನೇ ಶತಮಾನದಲ್ಲಿ. ಅಮೆರಿಕದ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ನ್ಯೂಗಿನಿಯ ಮೂರು ಬುಡಕಟ್ಟುಗಳ ಬಗ್ಗೆ 1935ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಕಡೆ ಹೆಣ್ಣು ಗಂಡು ಇಬ್ಬರೂ ಸೌಮ್ಯರು, ಇನ್ನೊಂದು ಕಡೆ ಇಬ್ಬರೂ ಉಗ್ರರು, ಮೂರನೆಯ ಕಡೆ ಹೆಂಗಸರು ವ್ಯವಹಾರ ನೋಡಿಕೊಂಡರೆ ಗಂಡಸರು ಸಿಂಗಾರದಲ್ಲಿ ಮುಳುಗಿರುವರು ಎಂದು ವರ್ಣಿಸಿದಳು. ಅವಳ ವಿವರಗಳನ್ನು ಮುಂದಿನವರು ಪ್ರಶ್ನಿಸಿದರೂ, ಸ್ವಭಾವವನ್ನು ದೇಹದಿಂದ ನೇರವಾಗಿ ಓದಿಕೊಳ್ಳಲಾಗದು ಎಂಬ ಮೂಲ ಮಾತು ಉಳಿಯಿತು. ಫ್ರಾನ್ಸಿನ ಸಿಮೊನ್ ದ ಬೊವಾ 1949ರಲ್ಲಿ ಹೆಣ್ಣುತನ ಬೆಳೆಯುತ್ತ ಮೈಗೂಡುವಂಥದು ಎಂದು ವಾದಿಸಿದಳು. ಬ್ರಿಟನ್ನಿನ ಆನ್ ಓಕ್ಲಿ 1972ರಲ್ಲಿ ಲಿಂಗ ಮತ್ತು ಲಿಂಗತ್ವಗಳನ್ನು ಬಿಡಿಸಿ ನೋಡುವ ಕ್ರಮವನ್ನು ಜನಪ್ರಿಯಗೊಳಿಸಿದಳು. 1975ರ ಒಂದು ಪ್ರಯೋಗದಲ್ಲಿ ಹಳದಿ ಬಟ್ಟೆ ತೊಡಿಸಿದ ಮೂರು ತಿಂಗಳ ಕೂಸನ್ನು ಹೆಣ್ಣು ಎಂದು ಹೇಳಿ ಕೊಟ್ಟಾಗ ದೊಡ್ಡವರು ಅದರ ಕೈಗೆ ಗೊಂಬೆಯನ್ನು ಹೆಚ್ಚಾಗಿ ಕೊಟ್ಟರು. ಕೂಸು ಒಂದೇ, ಹೆಸರಿಸಿದ ಬಗೆ ಬೇರೆ.

ಭಾರತದ ಮಟ್ಟಿಗೆ ಲೀಲಾ ದುಬೆ 1988ರಲ್ಲಿ ಬರೆದ ಪ್ರಬಂಧ ಮುಖ್ಯವಾದದ್ದು. ತಂದೆಯ ವಂಶವನ್ನೇ ಹಿಡಿದು ನಡೆಯುವ ಹಿಂದೂ ಕುಟುಂಬಗಳಲ್ಲಿ ಹೆಣ್ಣುಮಗು ತಾನು ಈ ಮನೆಯಲ್ಲಿ ಕೆಲಕಾಲದ ಅತಿಥಿ ಎಂಬುದನ್ನು ಹಬ್ಬ, ಹಾಡು, ಊಟ, ಮೈಲಿಗೆಗಳ ಮೂಲಕ ಹೇಗೆ ಕಲಿಯುತ್ತದೆ ಎಂಬುದನ್ನು ಅವರು ಬಿಡಿಸಿಟ್ಟರು. ಕನ್ನಡದಲ್ಲಿ ಈ ಯೋಚನೆಗೆ ಇನ್ನೂ ಹಳೆಯ ಬೇರು ಇದೆ. ಗಡ್ಡ ಮೊಲೆಗಳಿಂದ ಗುರುತಾಗುವ ದೇಹದೊಳಗಿನ ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲ ಎಂದು ವಚನಕಾರ ಜೇಡರ ದಾಸಿಮಯ್ಯ ಹೇಳಿದ್ದು ಸಮಾಜಶಾಸ್ತ್ರ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲು.

ಜೀವಶಾಸ್ತ್ರದ ಪಾಲನ್ನು ಅಲ್ಲಗಳೆಯುವಂತಿಲ್ಲ. ವರ್ಣತಂತು, ಹಾರ್ಮೋನು, ಹೆರಿಗೆ, ಹಾಲೂಡಿಕೆ ಎಲ್ಲವೂ ನಿಜ. ಹರೆಯದ ನಂತರ ಗಂಡಿನ ಸ್ನಾಯುಬಲ ಸರಾಸರಿಯಲ್ಲಿ ಹೆಚ್ಚು ಎಂಬುದೂ ನಿಜ. ಆದರೆ ಎಂಟು ವರ್ಷದ ಮಗುವಿಗೆ ಯಾವ ಕೆಲಸ, ಯಾವ ಆಟ, ಎಷ್ಟು ದೂರ ಹೋಗುವ ಸ್ವಾತಂತ್ರ್ಯ ಎಂದು ತೀರ್ಮಾನವಾಗುವಾಗ ಆ ಬಲ ಇನ್ನೂ ಬಂದೇ ಇರುವುದಿಲ್ಲ.

ಮನೆ, ಅಂಗಳ, ನೀರು

ತೊಟ್ಟಿಲಿಗೆ ಹಾಕುವುದು, ಕಿವಿ ಚುಚ್ಚುವುದು ಮೊದಲಾದ ಎಳವೆಯ ಶಾಸ್ತ್ರಗಳು ಈ ಸೀಮೆಯ ಬಹುಪಾಲು ಜಾತಿಗಳಲ್ಲಿ ಎರಡೂ ಮಕ್ಕಳಿಗೆ ಹೆಚ್ಚುಕಡಿಮೆ ಒಂದೇ ಥರ. ಬೇರೆತನ ಶುರುವಾಗುವುದು ಮಗು ನಡೆದಾಡಿ ಕೆಲಸಕ್ಕೆ ಬರುವ ಹೊತ್ತಿಗೆ. ಆರೇಳು ವರ್ಷದ ಹುಡುಗಿಯ ಕಂಕುಳಿಗೆ ತಮ್ಮನೋ ತಂಗಿಯೋ ಬಂದು ಕೂಡುತ್ತದೆ. ಕಸ ಗುಡಿಸುವುದು, ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವುದು, ಪಾತ್ರೆ ತಿಕ್ಕುವುದು, ಅವ್ವ ಕೂಲಿಗೆ ಹೋದಾಗ ರೊಟ್ಟಿ ಬಡಿಯುವುದು ಒಂದೊಂದಾಗಿ ಅವಳ ಪಾಲಾಗುತ್ತವೆ. ಅದೇ ವಯಸ್ಸಿನ ಹುಡುಗನಿಗೆ ಅಂಗಡಿಗೆ ಹೋಗಿ ಬರುವ ಕೆಲಸ, ದನ ಹೊಡೆದುಕೊಂಡು ಹೋಗುವ ಕೆಲಸ. ಎರಡೂ ಕೆಲಸವೇ. ಆದರೆ ಒಂದು ಮಗುವನ್ನು ಹೊಸಿಲೊಳಗೆ ಹಿಡಿದಿಡುತ್ತದೆ, ಇನ್ನೊಂದು ಮಗುವಿಗೆ ಊರು ತೋರಿಸುತ್ತದೆ. ಹತ್ತು ವರ್ಷ ತುಂಬುವ ಹೊತ್ತಿಗೆ ಹುಡುಗನಿಗೆ ಕಾಲುವೆಯಲ್ಲಿ ಈಜು ಬರುತ್ತದೆ, ಪೇಟೆಯ ದಾರಿ ಗೊತ್ತಿರುತ್ತದೆ, ಅಪರಿಚಿತರ ಜೊತೆ ಮಾತಾಡುವ ಧೈರ್ಯ ಬಂದಿರುತ್ತದೆ. ಆ ಧೈರ್ಯವನ್ನು ಜನ ಗಂಡಿನ ಹುಟ್ಟುಗುಣ ಎಂದು ತಿಳಿಯುತ್ತಾರೆ.

ಆಟದಲ್ಲೂ ಇದೇ ಹಂಚಿಕೆ. ಕುಂಟಾಬಿಲ್ಲೆ, ಕಲ್ಲಾಟ, ಚೌಕಾಬಾರ ಹುಡುಗಿಯರವು. ಸಣ್ಣ ಜಾಗದಲ್ಲಿ, ಮನೆಯವರ ಕಣ್ಣಳತೆಯಲ್ಲಿ ನಡೆಯುವಂಥವು. ಚಿನ್ನಿದಾಂಡು, ಗೋಲಿ, ಬುಗುರಿ, ಈಗ ಕ್ರಿಕೆಟ್ಟು ಹುಡುಗರವು, ಬಯಲು ಬೇಡುವಂಥವು. ಗೌರಿ ಹುಣ್ಣಿಮೆಗೆ ಹುಡುಗಿಯರು ಹೊಸ ಬಟ್ಟೆ ಉಟ್ಟು ಸಕ್ಕರೆ ಗೊಂಬೆಗಳ ಆರತಿ ಹಿಡಿದು ಹೋಗುವುದು ಈ ಕಡೆಯ ಚೆಂದದ ಹಬ್ಬಗಳಲ್ಲೊಂದು. ನಾಗರ ಪಂಚಮಿಯ ಜೋಕಾಲಿ ಮದುವೆಯಾದ ಹೆಣ್ಣುಮಕ್ಕಳನ್ನು ತವರಿಗೆ ಕರೆತರುತ್ತದೆ. ಈ ಹಬ್ಬಗಳ ಸಂತೋಷ ನಿಜವಾದದ್ದು. ತವರು ಎಂದರೆ ಬಿಟ್ಟುಹೋಗುವ ಮನೆ ಎಂಬ ಪಾಠವನ್ನೂ ಅವೇ ಹಬ್ಬಗಳು ಹೇಳಿಕೊಡುತ್ತವೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆ ಕಿವಿಗೆ ಬೀಳುವ ಮೊದಲೇ ಹುಡುಗಿಗೆ ಅದರ ಅರ್ಥ ಗೊತ್ತಾಗಿರುತ್ತದೆ.

ಗೆರೆ ದಾಟಿದವರಿಗೆ ಬೈಗುಳ ಸಿದ್ಧವಿರುತ್ತದೆ. ಜೋರಾಗಿ ನಗುವ, ಮರ ಹತ್ತುವ ಹುಡುಗಿ ಗಂಡುಬೀರಿ ಅನ್ನಿಸಿಕೊಳ್ಳುತ್ತಾಳೆ. ಅತ್ತ ಹುಡುಗನಿಗೆ “ಹೆಣ್ಮಕ್ಕಳಂಗ ಅಳ್ತೀಯಲ್ಲೋ, ಬಳಿ ತೊಡಿಸ್ಲೇನು?” ಎಂಬ ಮಾತು ತಪ್ಪಿದ್ದಲ್ಲ. ಎರಡನೆಯದು ಹೆಚ್ಚು ಕಟುವಾದದ್ದು, ಏಕೆಂದರೆ ಹೆಣ್ಣಿನಂತಾಗುವುದನ್ನು ಅದು ಕೆಳಗಿಳಿಯುವುದು ಎಂದು ಹೇಳುತ್ತದೆ. ದುಃಖ ಬಂದಾಗ ಅಳದಿರುವುದನ್ನು, ಸಿಟ್ಟನ್ನು ಮಾತ್ರ ಹೊರಗೆ ತೋರಿಸುವುದನ್ನು ಗಂಡುಮಕ್ಕಳು ಕಲಿಯುವುದು ಹೀಗೆ. ಲಿಂಗತ್ವದ ಅಧ್ಯಯನಗಳು ಹುಡುಗಿಯರ ಕಡೆಗೇ ಹೆಚ್ಚು ನೋಡಿವೆ. ಹುಡುಗರಿಗೆ ಆದ ನಷ್ಟದ ಬಗ್ಗೆ ಬರವಣಿಗೆ ಕಡಿಮೆ.

ಹುಡುಗಿ ದೊಡ್ಡಾಕೆಯಾದಾಗ ಈ ಬೇರೆತನಕ್ಕೆ ಊರ ಮುಂದೆ ಮುದ್ರೆ ಬೀಳುತ್ತದೆ. ಅವಳನ್ನು ಕೆಲವು ದಿನ ಬೇರೆ ಕೂಡಿಸಿ, ಕೊಬ್ಬರಿ ಬೆಲ್ಲ ತಿನ್ನಿಸಿ, ಆರತಿ ಮಾಡುತ್ತಾರೆ. ಸೋದರಮಾವನ ಕಡೆಯವರು ಸೀರೆ ತರುತ್ತಾರೆ. ಸೋದರಮಾವನಿಗೋ ಅವನ ಮಗನಿಗೋ ಹೆಣ್ಣು ಕೊಡುವ ರೂಢಿ ಇರುವಲ್ಲಿ ಆ ಸೀರೆ ಬರೀ ಉಡುಗೊರೆಯಲ್ಲ. ಹುಡುಗನ ಮೈಯಲ್ಲೂ ಅದೇ ವಯಸ್ಸಿಗೆ ಅಷ್ಟೇ ದೊಡ್ಡ ಬದಲಾವಣೆ ಆಗುತ್ತದೆ. ಅವನಿಗೆ ಆರತಿಯೂ ಇಲ್ಲ, ಕಟ್ಟುಪಾಡೂ ಇಲ್ಲ, ಅದರ ಬಗ್ಗೆ ಮಾತಾಡುವವರೂ ಇಲ್ಲ.

ನೀರಿನ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೋರ್‌ವೆಲ್ಲಿನಿಂದಲೋ ನಲ್ಲಿಯಿಂದಲೋ ತಲೆಯ ಮೇಲೊಂದು ಕೊಡ, ಕಂಕುಳಲ್ಲೊಂದು ಕೊಡ ಹೊತ್ತು ತರುವುದು ಹೆಂಗಸರ, ಹುಡುಗಿಯರ ಕೆಲಸ. ನೀರು ದೂರದಿಂದ ತರಬೇಕಾಗಿ ಬಂದು, ಸೈಕಲ್ಲಿನ ಎರಡೂ ಬದಿಗೆ ಪ್ಲಾಸ್ಟಿಕ್ ಕೊಡ ಕಟ್ಟಿಕೊಂಡು ಹೋಗುವ ಹೊತ್ತಿಗೆ ಅದನ್ನು ತಳ್ಳುವವರಲ್ಲಿ ಗಂಡಸರು, ಹುಡುಗರು ಹೆಚ್ಚಾಗುತ್ತಾರೆ. ತಳ್ಳುಗಾಡಿ ಬಂದರಂತೂ ಅದು ಪೂರಾ ಗಂಡಸರ ಕೆಲಸ. ನೀರು ಅದೇ, ಮನೆಯೂ ಅದೇ, ನಡುವೆ ಚಕ್ರ ಬಂದಿದೆ ಅಷ್ಟೇ. ಈ ಸೀಮೆಯ ದುಡಿಮೆಯಲ್ಲಿ ಮತ್ತೆ ಮತ್ತೆ ಕಾಣುವುದು ಇದೇ ನಿಯಮ: ಸಾಧನ, ಯಂತ್ರ ಅಥವಾ ನಗದು ಸೇರಿದ ಕೂಡಲೇ ಹೆಣ್ಣಿನ ಕೆಲಸ ಗಂಡಿನದಾಗುತ್ತದೆ.

ಗದ್ದೆ, ಗಣಿ, ಸೂಜಿ

ಕಂಪ್ಲಿಯ ಸುತ್ತ ಭತ್ತ, ಕಬ್ಬು, ಬಾಳೆ ಬೆಳೆಯುತ್ತಾರೆ. ವಿಜಯನಗರ ಕಾಲದ ಕಾಲುವೆಗಳೂ 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಕಾಲುವೆಗಳೂ ಇದಕ್ಕೆ ಆಧಾರ. ನೇಗಿಲು ಹಿಡಿಯುವುದು ಗಂಡಿನ ಕೆಲಸ, ಹೆಣ್ಣು ನೇಗಿಲು ಹಿಡಿದರೆ ಕೇಡು ಎಂಬ ನಂಬಿಕೆ ಹಿಂದಿನಿಂದ ಇದೆ. ಕೂರಿಗೆಯಲ್ಲಿ ಬಿತ್ತುವಾಗ ಎತ್ತು ಹೊಡೆಯುವವನು ಗಂಡಸು, ಉಡಿಯಲ್ಲಿ ಬೀಜ ಕಟ್ಟಿಕೊಂಡು ಬಟ್ಟಲಿಗೆ ಬಿಡುವವಳು ಹೆಂಗಸು. ಬೀಜ ಗಂಡಿನದು, ಭೂಮಿ ಹೆಣ್ಣು ಎಂದು ವಂಶದ ಬಗ್ಗೆ ಹೇಳುವ ಹಳೆಯ ರೂಪಕವನ್ನು ಈ ನೋಟ ತಲೆಕೆಳಗು ಮಾಡುತ್ತದೆ. ಇಲ್ಲಿ ಬೀಜ ಇರುವುದು ಹೆಣ್ಣಿನ ಉಡಿಯಲ್ಲಿ.

ಭತ್ತದ ನಾಟಿ ಪೂರಾ ಹೆಂಗಸರದು. ಗುಂಪು ಕಟ್ಟಿಕೊಂಡು ಎಕರೆಗೆ ಇಷ್ಟು ಎಂದು ಗುತ್ತಿಗೆ ಮಾತಾಡಿ, ಕೆಸರಿನಲ್ಲಿ ಬೆನ್ನು ಬಗ್ಗಿಸಿ ದಿನವಿಡೀ ಸಸಿ ಹಚ್ಚುತ್ತಾರೆ. ಬೆರಳು ಸೂಕ್ಷ್ಮ, ಸೊಂಟ ಬಗ್ಗುತ್ತದೆ, ಹಾಗಾಗಿ ಇದು ಹೆಣ್ಣಿಗೇ ಒಗ್ಗುವ ಕೆಲಸ ಎಂಬುದು ರೈತರ ಸಮಜಾಯಿಷಿ. ಬೆನ್ನುನೋವು ಸೂಕ್ಷ್ಮ ಬೆರಳಿನವರಿಗೂ ಬರುತ್ತದೆ. ಅದೇ ಗದ್ದೆಗೆ ನಾಟಿ ಯಂತ್ರವೋ ಕಟಾವು ಯಂತ್ರವೋ ಬಂದಾಗ ಅದರ ಮೇಲೆ ಕೂಡುವವನು ಗಂಡಸು. ಬೆರಳಿನ ಸೂಕ್ಷ್ಮತೆಯ ಮಾತು ಆಗ ಯಾರಿಗೂ ನೆನಪಾಗುವುದಿಲ್ಲ. ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಎಂಬುದು ಸಮಾನ ವೇತನ ಕಾಯ್ದೆ 1976ರಲ್ಲೇ ಬಂದಿದ್ದರೂ ಹೊಲದ ಬದುವಿನಲ್ಲಿ ನಡೆದುಕೊಂಡು ಬಂದ ರೂಢಿ. ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ ಎಸ್ಟರ್ ಬೋಸರಪ್ 1970ರಲ್ಲಿ ನೇಗಿಲಿನ ಬೇಸಾಯಕ್ಕೂ ಹೆಂಗಸರು ಹೊಲದ ಕೆಲಸದಿಂದ ದೂರವಾದದ್ದಕ್ಕೂ ಸಂಬಂಧವಿದೆ ಎಂದು ತೋರಿಸಿದ್ದಳು. ಅವಳ ವಾದವನ್ನು ಟ್ರ್ಯಾಕ್ಟರಿಗೂ ವಿಸ್ತರಿಸಬಹುದು ಎಂಬುದಕ್ಕೆ ಕಂಪ್ಲಿಯ ಗದ್ದೆಗಳೇ ಸಾಕ್ಷಿ.

ಕಾಲುವೆಯ ನೀರು ಮತ್ತೊಂದು ಬದಲಾವಣೆ ತಂದಿತು. ಕೈಯಲ್ಲಿ ಹಣ ಓಡಾಡತೊಡಗಿದ ಮನೆಗಳು ತಮ್ಮ ಹೆಂಗಸರನ್ನು ಹೊಲದ ದುಡಿಮೆಯಿಂದ ಬಿಡಿಸಿ ಮನೆಯಲ್ಲಿ ಕೂಡಿಸಿದವು. ಹೀಗೆ ಹೆಣ್ಣನ್ನು ದುಡಿಮೆಯಿಂದ ಹಿಂದೆಗೆಯುವುದು ಅಂತಸ್ತಿನ ಗುರುತಾಗುವುದನ್ನು ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ದಕ್ಷಿಣ ಭಾರತದ ಹಳ್ಳಿಗಳ ಬಗ್ಗೆ ಬರೆಯುತ್ತ ಗುರುತಿಸಿದ್ದಾರೆ. ಹೆಣ್ಣಿನ ದುಡಿಮೆಗೆ ಬೆಲೆ ಇದ್ದಾಗ ಹಲವು ಜಾತಿಗಳಲ್ಲಿ ಗಂಡಿನ ಕಡೆಯವರೇ ತೆರ ಕೊಟ್ಟು ಹೆಣ್ಣು ತರುತ್ತಿದ್ದರು. ಆ ಜಾಗವನ್ನು ಈಗ ವರದಕ್ಷಿಣೆ ಆಕ್ರಮಿಸಿದೆ. ಹೆಣ್ಣು ಹೆತ್ತವರಿಗೆ ಭಾರ ಎಂಬ ಮಾತು ಈ ಕಡೆಯ ದುಡಿಯುವ ಜಾತಿಗಳಲ್ಲಿ ಅನಾದಿಯದೇನಲ್ಲ. ದಲಿತ ಮತ್ತು ಕೂಲಿಕಾರ ಮನೆಗಳ ಹೆಂಗಸರಿಗೆ ಮನೆಯಲ್ಲಿ ಕೂಡುವ ಆಯ್ಕೆಯೇ ಇರಲಿಲ್ಲ. ಆದ್ದರಿಂದ ಹೆಣ್ಣುತನದ ಚಿತ್ರ ಒಂದೇ ಊರಿನಲ್ಲಿ ಕೇರಿಯಿಂದ ಕೇರಿಗೆ ಬೇರೆ.

ಸಂಡೂರಿನ ಕಬ್ಬಿಣ ಮತ್ತು ಮ್ಯಾಂಗನೀಸ್ ಗಣಿಗಳಲ್ಲಿ ಯಂತ್ರಗಳು ವ್ಯಾಪಿಸುವ ಮೊದಲು ಸುತ್ತಿಗೆಯಿಂದ ಅದಿರು ಒಡೆದು, ಆರಿಸಿ, ಬುಟ್ಟಿಗೆ ತುಂಬುವವರಲ್ಲಿ ಹೆಂಗಸರು ಬಹಳ ಮಂದಿ ಇದ್ದರು. ಜೊತೆಗೆ ಮಕ್ಕಳೂ ಇದ್ದರು. 1952ರ ಗಣಿ ಕಾಯ್ದೆ ಹೆಂಗಸರನ್ನು ನೆಲದಡಿಯ ಕೆಲಸಕ್ಕೆ ಮತ್ತು ರಾತ್ರಿ ಪಾಳಿಗೆ ಹಚ್ಚುವುದನ್ನು ನಿಷೇಧಿಸಿತ್ತು. 2019ರಲ್ಲಷ್ಟೇ ಅದನ್ನು ಷರತ್ತಿನ ಮೇಲೆ ಸಡಿಲಿಸಲಾಯಿತು. ರಕ್ಷಣೆಗೆಂದು ಮಾಡಿದ ನಿಯಮ ಒಳ್ಳೆಯ ಸಂಬಳದ ಪಾಳಿಗಳನ್ನು ಗಂಡಸರಿಗೆ ಮೀಸಲಿಟ್ಟಂತಾಯಿತು. ಅಗೆಯುವ ಯಂತ್ರ, ಟಿಪ್ಪರ್ ಲಾರಿಗಳು ಬಂದ ಮೇಲೆ ಸುತ್ತಿಗೆಯ ಕೆಲಸ ಹೋಯಿತು, ಅದರೊಂದಿಗೆ ಹೆಂಗಸರೂ ಹೋದರು. ಅಕ್ರಮ ಗಣಿಗಾರಿಕೆ ಮಿತಿಮೀರಿ ಸುಪ್ರೀಂ ಕೋರ್ಟು 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸುವುದಕ್ಕೆ ಮುಂಚಿನ ವರ್ಷಗಳಲ್ಲಿ ಲಾರಿ, ನಗದು, ಹೊಸ ಬೈಕು ಹರೆಯದ ಹುಡುಗರ ಕಣ್ಣಲ್ಲಿ ಗಂಡಸುತನದ ಅಳತೆಗೋಲಾಗಿದ್ದವು. ಶಾಲೆ ಬಿಟ್ಟು ಲಾರಿ ಹತ್ತುವುದು ಆ ಹೊತ್ತಿಗೆ ಲಾಭದ ದಾರಿಯಾಗಿ ಕಂಡಿತ್ತು.

ಸೂಜಿಯ ಕಥೆಯೂ ಹೀಗೆಯೇ. ಸಂಡೂರಿನ ಸುತ್ತಲ ತಾಂಡಾಗಳಲ್ಲಿ ಲಂಬಾಣಿ ಕಸೂತಿ ತಾಯಿಯಿಂದ ಮಗಳಿಗೆ ಬರುವ ವಿದ್ಯೆ. ಕಾಂಚಳಿ (ರವಿಕೆ), ಫೇಟಿಯಾ (ಲಂಗ)ಗಳ ಮೇಲೆ ಕನ್ನಡಿ ಚೂರು, ಕವಡೆ, ನಾಣ್ಯಗಳನ್ನು ಕೂಡಿಸಿ ಹೊಲಿಯುವುದನ್ನು ಹುಡುಗಿ ಅವ್ವನ ಪಕ್ಕ ಕೂತು ಕಲಿಯುತ್ತಾಳೆ. ಹುಡುಗನ ಕೈಗೆ ಯಾರೂ ಸೂಜಿ ಕೊಡುವುದಿಲ್ಲ. ಆದರೆ ಹೊಸಪೇಟೆಯ ಪೇಟೆಬೀದಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತ ದರ್ಜಿಗಳು ಬಹುತೇಕ ಗಂಡಸರು. ಅಡಿಗೆಯಲ್ಲೂ ಅಷ್ಟೆ. ಮನೆಯ ಒಲೆ ಹೆಂಗಸಿನದು, ಮದುವೆ ಚಪ್ಪರದ ಹಿಂದೆ ಸಂಬಳಕ್ಕೆ ಉರಿಯುವ ದೊಡ್ಡ ಒಲೆ ಅಡಿಗೆ ಭಟ್ಟರದು. ಕೌಶಲ ಹೆಣ್ಣಿಗೆ ಬಂದರೆ ಸಂಸ್ಕಾರ, ಗಂಡಿಗೆ ಬಂದರೆ ಕಸುಬು. ಸಂಡೂರು ಕುಶಲ ಕಲಾ ಕೇಂದ್ರ ಈ ವಿದ್ಯೆಯನ್ನು ಕಸುಬಾಗಿ ಪರಿವರ್ತಿಸಿ ಹೆಂಗಸರ ಕೈಗೇ ಸಂಪಾದನೆ ಕೊಟ್ಟದ್ದು ಅದಕ್ಕೇ ಗಮನಾರ್ಹ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರ ಜುಲೈನಲ್ಲಿ ಜಿ–20 ಸಂಸ್ಕೃತಿ ಕಾರ್ಯಗುಂಪಿನ ಸಭೆ ಹಂಪಿಯಲ್ಲಿ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ತಾಂಡಾದ ಗಂಡಸರು ಪ್ಯಾಂಟು ಶರಟಿಗೆ ಎಂದೋ ಬಂದಿದ್ದಾರೆ. ಸಮುದಾಯದ ಗುರುತನ್ನು ಉಡುಪಿನಲ್ಲಿ ಹೊತ್ತು ತಿರುಗುವ ಹೊಣೆ ಹೆಂಗಸರ ಮೇಲೇ ಬಿದ್ದಿತ್ತು. ಚೂಡಿದಾರ ತೊಟ್ಟು ಕಾಲೇಜಿಗೆ ಹೋಗುವ ಈಗಿನ ಹುಡುಗಿಯರು ಆ ಹೊಣೆಯನ್ನು ಸದ್ದಿಲ್ಲದೆ ಇಳಿಸುತ್ತಿದ್ದಾರೆ.

ಸಂಬಳವಿಲ್ಲದ ಮನೆಗೆಲಸದ ಲೆಕ್ಕ ದೇಶದ ಮಟ್ಟದಲ್ಲಿ ಸಿಗುತ್ತದೆ. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಗಂಡಸರು 97 ನಿಮಿಷ ಕೊಡುತ್ತಿದ್ದರು.

ಅರಮನೆ, ಕಥೆ, ದೇವತೆ

ಹೆಣ್ಣಿನ ಕೆಲಸ ಯಾವುದು ಎಂಬುದು ಕಾಲದಿಂದ ಕಾಲಕ್ಕೆ ಬದಲಾಗುತ್ತದೆ ಎನ್ನುವುದಕ್ಕೆ ಹಂಪಿಯೇ ದಾಖಲೆ ಒದಗಿಸುತ್ತದೆ. 1530ರ ದಶಕದಲ್ಲಿ ವಿಜಯನಗರದ ಬಗ್ಗೆ ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ ಅರಮನೆಯಲ್ಲಿ ಕುಸ್ತಿ ಆಡುವ, ಜ್ಯೋತಿಷ್ಯ ಹೇಳುವ, ಖರ್ಚಿನ ಲೆಕ್ಕ ಬರೆಯುವ, ರಾಜ್ಯದ ವಿದ್ಯಮಾನ ಬರೆದಿಟ್ಟು ಹೊರಗಿನ ಬರಹಗಾರರ ಪುಸ್ತಕಗಳೊಂದಿಗೆ ತಾಳೆ ನೋಡುವ, ರಾತ್ರಿ ಕಾವಲು ಕಾಯುವ ಹೆಂಗಸರಿದ್ದರು ಎಂದು ತಿಳಿಸುತ್ತಾನೆ. ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಬೇಟೆಯಾಡುವ ಹೆಂಗಸರಿದ್ದಾರೆ. ವಿಜಯನಗರದ ರಾಜಕುಮಾರ ಕುಮಾರ ಕಂಪಣನ ರಾಣಿ ಗಂಗಾದೇವಿ ಗಂಡನ ದಂಡಯಾತ್ರೆಯ ಮೇಲೆ ಸಂಸ್ಕೃತದಲ್ಲಿ ಮಹಾಕಾವ್ಯ ಬರೆದಳು. ಇದನ್ನು ಸ್ವಾತಂತ್ರ್ಯದ ಸುವರ್ಣಯುಗ ಎಂದುಕೊಳ್ಳುವುದು ತಪ್ಪು. ಆ ಹೆಂಗಸರಲ್ಲಿ ಬಹುಮಂದಿ ಅರಸನ ಅಂತಃಪುರದ ಗೋಡೆಯೊಳಗೆ ಇದ್ದವರು. ಆದರೆ ಲೆಕ್ಕಪತ್ರ ಮತ್ತು ಕಾವಲು ಹೆಣ್ಣಿನ ಬುದ್ಧಿಗೆ, ಮೈಗೆ ಒಗ್ಗದ ಕೆಲಸ ಎಂಬ ನಂತರದ ನಂಬಿಕೆಗೆ ಈ ನೆಲದ ಚರಿತ್ರೆಯಲ್ಲೇ ಆಧಾರವಿಲ್ಲ.

ಗಂಡು ಹೇಗಿರಬೇಕು ಎಂಬುದನ್ನು ಈ ಸೀಮೆ ಗಂಡುಗಲಿ ಕುಮಾರರಾಮನ ಕಥೆಯಿಂದ ಹೇಳಿಕೊಂಡು ಬಂದಿದೆ. ಕಂಪಿಲಿಯ ಅರಸ ಕಂಪಿಲರಾಯನ ಮಗನಾದ ಅವನು ದೆಹಲಿಯ ತುಘಲಕ್ ಸೇನೆಯ ವಿರುದ್ಧ ಹೋರಾಡಿ ಮಡಿದ. ರಾಜ್ಯ 1327ರಲ್ಲಿ ಅಳಿಯಿತು. ನಂಜುಂಡ ಕವಿ ಮೊದಲಾದವರ ಕಾವ್ಯಗಳೂ ಜನಪದ ಹಾಡುಗಳೂ ಅವನನ್ನು ಪರನಾರೀ ಸಹೋದರ ಎಂದು ಹೊಗಳುತ್ತವೆ. ಮಲತಾಯಿ ರತ್ನಾಜಿ ಮೋಹಿಸಿದಾಗ ಒಪ್ಪದೆ, ಅವಳ ಸುಳ್ಳು ದೂರಿಗೆ ಗುರಿಯಾಗಿ, ಮಂತ್ರಿ ಬೈಚಪ್ಪನ ಯುಕ್ತಿಯಿಂದ ಶಿರಚ್ಛೇದದಿಂದ ಪಾರಾದವನು ಅವನು. ಶೌರ್ಯದ ಜೊತೆ ಸಂಯಮವನ್ನೂ ಗಂಡಿನ ಗುಣವಾಗಿ ಕಲಿಸುವುದು ಈ ಕಥೆಯ ಹೆಚ್ಚುಗಾರಿಕೆ. ಹೆಣ್ಣಿನ ಪಾಲಿಗೆ ಉಳಿಯುವುದು ಮಾತ್ರ ಮೋಹ, ಮತ್ಸರಗಳ ರತ್ನಾಜಿ.

ದೇವತೆಗಳಲ್ಲಿ ಎರಡು ಮಾದರಿಗಳಿವೆ. ಹಂಪಿಯ ಪಂಪಾದೇವಿ ಮೂಲದಲ್ಲಿ ಈ ನದೀತೀರದ ಸ್ವಂತ ದೇವತೆ. ಕಾಲಕ್ರಮದಲ್ಲಿ ತಪಸ್ಸು ಮಾಡಿ ವಿರೂಪಾಕ್ಷನನ್ನು ವರಿಸಿದ ಪಾರ್ವತಿಯಾದಳು. ಫಲಪೂಜೆಯ ನಿಶ್ಚಿತಾರ್ಥ, ಕಲ್ಯಾಣೋತ್ಸವ ಇಂದಿಗೂ ವರ್ಷಾವರ್ಷ ನಡೆಯುತ್ತವೆ. ಅತ್ತ ಹುಲಿಗಿಯ ಹುಲಿಗೆಮ್ಮ, ಹಳ್ಳಿಹಳ್ಳಿಯ ಊರಮ್ಮ, ಮಾರೆಮ್ಮ, ದುರುಗಮ್ಮರು ಗಂಡನ ಹೆಸರಿಲ್ಲದೆ ಆಳುವ ದೇವತೆಯರು. ಊರಿಗೆ ಊರೇ ಅವರಿಗೆ ಹೆದರುತ್ತದೆ. ಇಂಥ ದೇವತೆಯರನ್ನು ಪೂಜಿಸುವ ಮನೆಯಲ್ಲೂ ಮಗಳಿಗೆ ಹೇಳಿಕೊಡುವುದು ಪಂಪೆಯ ಮಾದರಿಯನ್ನೇ.

ಬಸವಿ ಮತ್ತು ಜೋಗತಿ

ಮಗ, ಮಗಳು ಎಂಬುವು ದೇಹಕ್ಕಿಂತ ಹೆಚ್ಚಾಗಿ ಸಮಾಜ ಕೊಡುವ ಸ್ಥಾನಗಳು ಎಂಬುದಕ್ಕೆ ಬಳ್ಳಾರಿ ಸೀಮೆಯ ಬಸವಿ ಪದ್ಧತಿಗಿಂತ ಬಲವಾದ, ಅಷ್ಟೇ ನೋವಿನ ನಿದರ್ಶನ ಸಿಗುವುದು ಕಷ್ಟ. ಗಂಡು ಸಂತಾನವಿಲ್ಲದ ಕೆಲವು ಬೇಡ, ದಲಿತ ಮತ್ತಿತರ ಕುಟುಂಬಗಳು ಮಗಳನ್ನು ದೇವರಿಗೆ ಬಿಟ್ಟು ಮುತ್ತು ಕಟ್ಟಿಸುತ್ತಿದ್ದವು. ಹಾಗೆ ಬಿಟ್ಟವಳು ಮದುವೆಯಾಗದೆ ತಂದೆಯ ಮನೆಯಲ್ಲೇ ಉಳಿಯುತ್ತಿದ್ದಳು, ಆಸ್ತಿಗೆ ಬಾಧ್ಯಳಾಗುತ್ತಿದ್ದಳು, ತಂದೆಯ ಉತ್ತರಕ್ರಿಯೆ ಮಾಡುತ್ತಿದ್ದಳು. ಅವಳ ಮಕ್ಕಳು ಅವಳ ತಂದೆಯ ವಂಶಕ್ಕೆ ಸೇರುತ್ತಿದ್ದರು. ಮದರಾಸು ಪ್ರಾಂತದ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 19ನೇ ಶತಮಾನದ ಕೊನೆಯಲ್ಲಿ ಬಸವಿಯರ ಮೇಲೆ ಪ್ರಬಂಧ ಬರೆದಾಗ ದೇವರಿಗೆ ಅರ್ಪಿತರಾಗಿ ಗಂಡಿನ ಹಕ್ಕು ಪಡೆದ ಹೆಂಗಸರು ಎಂದೇ ಅದರ ಶೀರ್ಷಿಕೆಯಲ್ಲಿ ಅವರನ್ನು ಗುರುತಿಸಿದ. ಎಡ್ಗರ್ ಥರ್ಸ್ಟನ್ 1909ರ ತನ್ನ ಸಂಪುಟಗಳಲ್ಲಿ ಈ ಪದ್ಧತಿಯನ್ನು ವಿವರಿಸಿದ್ದಾನೆ. ಒಂದು ಶಾಸ್ತ್ರ ಮಾಡಿದರೆ ಮಗಳು ಮಗನಾಗಬಲ್ಲಳು ಎಂದಾದರೆ, ಮಗನಿಗಿರುವ ಹಕ್ಕು ಅವನ ದೇಹದಿಂದ ಬಂದದ್ದಲ್ಲ ಎಂದೇ ಅರ್ಥ.

ಆ ಹಕ್ಕಿಗೆ ಹುಡುಗಿಯರು ತೆತ್ತ ಬೆಲೆ ಭಯಂಕರವಾದದ್ದು. ಮದುವೆಯ ರಕ್ಷಣೆಯಿಲ್ಲದ ಅವರನ್ನು ಊರಿನ ಬಲಾಢ್ಯ ಗಂಡಸರು ಲೈಂಗಿಕವಾಗಿ ಬಳಸಿಕೊಂಡರು. ಆಸ್ತಿಯೇ ಇಲ್ಲದ ಬಡ ದಲಿತ ಮನೆಗಳಲ್ಲಿ ಮಗನ ಹಕ್ಕು ಬರೀ ಹೆಸರಿಗೆ. ಅಲ್ಲಿ ಉಳಿದದ್ದು ಅಪ್ಪ ಅವ್ವನನ್ನು ಸಾಕುವ ಹೊರೆ ಒಂದೇ. ಹೀಗೆ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ತಡೆಯುವ ಮದರಾಸಿನ 1947ರ ದೇವದಾಸಿ ನಿಷೇಧ ಕಾಯ್ದೆ ಆಗ ಆ ಪ್ರಾಂತದಲ್ಲಿದ್ದ ಬಳ್ಳಾರಿಗೂ ಅನ್ವಯಿಸಿತು. ಕರ್ನಾಟಕದ ಕಾಯ್ದೆ 1982ರದು. ಆಮೇಲೂ ಪದ್ಧತಿ ಕದ್ದುಮುಚ್ಚಿ ನಡೆಯಿತು. ರಾಜ್ಯ ಸರ್ಕಾರ 1993–94 ಮತ್ತು 2007–08ರಲ್ಲಿ ನಡೆಸಿದ ಸಮೀಕ್ಷೆಗಳು ಒಟ್ಟು 46,660 ದೇವದಾಸಿ ಮಹಿಳೆಯರನ್ನು ಗುರುತಿಸಿದವು. ಬಳ್ಳಾರಿ, ಕೊಪ್ಪಳ ಸೀಮೆ ಅದರಲ್ಲಿ ದೊಡ್ಡ ಪಾಲು ಪಡೆದ ಪ್ರದೇಶಗಳಲ್ಲೊಂದು.

ಹುಟ್ಟಿನಲ್ಲಿ ಗಂಡೆಂದು ಗುರುತಾದವರು ಹೆಣ್ಣಾಗಿ ಬಾಳುವುದಕ್ಕೂ ಇದೇ ದೇವತೆಯರ ಆಶ್ರಯದಲ್ಲಿ ಒಂದು ದಾರಿ ಇತ್ತು. ಹುಲಿಗೆಮ್ಮನಿಗೋ ಎಲ್ಲಮ್ಮನಿಗೋ ಬಿಟ್ಟ ಜೋಗಪ್ಪನ ಉಡಿದಾರ ಹರಿದು ಸೀರೆ ಉಡಿಸಿ, ಬಳೆ ತೊಡಿಸಿ, ಮುತ್ತು ಕಟ್ಟುತ್ತಾರೆ. ಗಂಡಸರು ಬದುಕಿನುದ್ದಕ್ಕೂ ಸೊಂಟಕ್ಕೆ ಕಟ್ಟಿಕೊಳ್ಳುವ ಆ ದಾರ ಹರಿದಾಗ ಸಮಾಜ ಒಬ್ಬ ಗಂಡನ್ನು ತನ್ನ ಲೆಕ್ಕದಿಂದ ತೆಗೆದು ಹಾಕುತ್ತದೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿ, ಹುಲಿಗಿಯಲ್ಲಿ ದೀಕ್ಷೆ ಪಡೆದ ಮಂಜಮ್ಮ ಜೋಗತಿ ಮನೆಯವರ ತಿರಸ್ಕಾರ, ಭಿಕ್ಷೆಯ ದಿನಗಳನ್ನು ದಾಟಿ, ಕಾಳವ್ವ ಜೋಗತಿಯವರ ತಂಡದಲ್ಲಿ ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯ ಕಲಿತರು. ಹೊಸಪೇಟೆ ಬಳಿಯ ಮರಿಯಮ್ಮನಹಳ್ಳಿ ಅವರ ಊರಾಯಿತು. ವೃತ್ತಿರಂಗಭೂಮಿಯ ನಟಿಯರಿಗೆ ಹೆಸರಾದ ಆ ಊರು ಸ್ತ್ರೀಪಾತ್ರವೂ ಸ್ತ್ರೀಬದುಕೂ ಅಭ್ಯಾಸದಿಂದ ಬರುತ್ತವೆ ಎಂಬುದನ್ನು ಬಲ್ಲ ಊರು. ಮಂಜಮ್ಮ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಿತು. ಲಿಂಗತ್ವವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಮಾನ್ಯ ಮಾಡಿತು. ದೇವರ ಹೆಸರಿನ ಹಂಗಿಲ್ಲದೆ ಬದುಕುವ ದಾರಿ ಅಲ್ಲಿಂದ ಕಾನೂನಿನ ಮಟ್ಟದಲ್ಲಿ ತೆರೆಯಿತು.

ಶಾಲೆ, ಮದುವೆ, ಆಸ್ತಿ

2011ರ ಜನಗಣತಿಯಲ್ಲಿ ಅವಿಭಜಿತ ಬಳ್ಳಾರಿ ಜಿಲ್ಲೆಯ ಗಂಡಸರ ಸಾಕ್ಷರತೆ ಶೇ. 76.64, ಹೆಂಗಸರದು ಶೇ. 58.09. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 960 ಹೆಣ್ಣುಮಕ್ಕಳಿದ್ದರು. ರಾಜ್ಯದ ಸರಾಸರಿ 948. ಹುಟ್ಟುವುದಕ್ಕೆ ಅಡ್ಡಿ ಕಡಿಮೆ, ಓದುವುದಕ್ಕೆ ಅಡ್ಡಿ ಹೆಚ್ಚು ಎಂಬುದು ಈ ಅಂಕಿಗಳ ತಾತ್ಪರ್ಯ. ಪ್ರಾಥಮಿಕ ಶಾಲೆಯವರೆಗೆ ಹುಡುಗಿಯರು ಬರುತ್ತಾರೆ. ಪಕ್ಕದ ಊರಿನ ಹೈಸ್ಕೂಲಿಗೆ ಹೋಗಬೇಕಾದಾಗ ದಾರಿಯೇ ತಡೆಯಾಗುತ್ತದೆ. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ್ದು ಓದಿನ ಯೋಜನೆ ಮಾತ್ರವಲ್ಲ. ಚಕ್ರ ಹುಡುಗನದು ಎಂಬ ಹಳೆಯ ಹಂಚಿಕೆಗೆ ಹಾಕಿದ ಪೆಟ್ಟೂ ಹೌದು. ಶಾಲೆಯೊಳಗೂ ಹಂಚಿಕೆ ನಿಂತಿಲ್ಲ. ಕೋಣೆ ಗುಡಿಸಿ ರಂಗೋಲಿ ಹಾಕುವವರು ಹುಡುಗಿಯರು, ಬೆಂಚು ಹೊರುವವರು, ಗಂಟೆ ಬಾರಿಸುವವರು ಹುಡುಗರು ಎಂಬುದು ಪಠ್ಯದಲ್ಲಿಲ್ಲದ ಪಾಠ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಸ್ಥಾಪನೆಯಾಯಿತು. ಅದರ ಮಹಿಳಾ ಅಧ್ಯಯನ ವಿಭಾಗ ಈ ವಿಷಯಗಳನ್ನು ಕನ್ನಡದಲ್ಲೇ ಸಂಶೋಧನೆಗೆ ಎತ್ತಿಕೊಂಡಿದೆ.

ಓದಿಗೆ ಅಡ್ಡ ಬರುವ ದೊಡ್ಡ ಸಂಗತಿ ಎಳೆಯ ವಯಸ್ಸಿನ ಮದುವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಶೇ. 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹಿಂದಿನ ಸುತ್ತಿನಲ್ಲಿ ಇದು 21.4 ಇತ್ತು. ಬಾಲ್ಯವಿವಾಹವನ್ನು ಮೂಲದಲ್ಲೇ ಅಸಿಂಧು ಎನ್ನುವ ತಿದ್ದುಪಡಿಯನ್ನು ಕರ್ನಾಟಕ ಈ ಎರಡು ಸುತ್ತುಗಳ ನಡುವೆಯೇ ತಂದಿದ್ದರೂ ಅಂಕಿ ಕದಲಲಿಲ್ಲ.

ಆಸ್ತಿಯಲ್ಲಿ ಮಗಳಿಗೆ ಮಗನ ಸಮನಾದ ಹಕ್ಕನ್ನು ಕರ್ನಾಟಕ 1994ರಲ್ಲೇ ಕೊಟ್ಟಿತು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಅಪ್ಪ ತೀರಿಕೊಂಡ ಮೇಲೆ ಮನೆಯ ಹೆಣ್ಣುಮಕ್ಕಳು ಉಪನೋಂದಣಿ ಕಚೇರಿಗೆ ಬಂದು ಅಣ್ಣತಮ್ಮಂದಿರ ಹೆಸರಿಗೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವುದು ಇಂದಿಗೂ ಸಾಮಾನ್ಯ ನೋಟ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ, ಪಂಚಮಿಗೆ ಕರೆಯುವವರಿರುವುದಿಲ್ಲ ಎಂಬ ಭಯ ಸಹಿಯ ಹಿಂದಿರುತ್ತದೆ. ಗಂಡನ ಮನೆಯಲ್ಲಿ ಕಷ್ಟ ಬಂದರೆ ಹೋಗಲು ಇರುವ ಒಂದೇ ಜಾಗವನ್ನು ಉಳಿಸಿಕೊಳ್ಳಲು ಅವಳು ಎಕರೆಗಟ್ಟಲೆ ಕಾಲುವೆ ಭೂಮಿಯನ್ನು ಬಿಟ್ಟುಕೊಡುತ್ತಾಳೆ. ಅದು ತ್ಯಾಗವಲ್ಲ, ಲೆಕ್ಕ ಹಾಕಿ ಮಾಡಿದ ವಿಮೆ.

ಆಡಳಿತದಲ್ಲಿ ಬದಲಾವಣೆ ಮೇಲಿನಿಂದ ಬಂದಿದೆ. 1987ರ ಪಂಚಾಯತಿ ಚುನಾವಣೆಯಲ್ಲೇ ಕರ್ನಾಟಕ ಹೆಂಗಸರಿಗೆ ಶೇ. 25 ಸ್ಥಾನ ಮೀಸಲಿಟ್ಟಿತ್ತು. 2010ರಿಂದ ಅದು ಅರ್ಧ. ಅಧ್ಯಕ್ಷೆಯ ಪರವಾಗಿ ಗಂಡನೋ ಮಗನೋ ಸಭೆಯಲ್ಲಿ ಕೂತು ಮಾತಾಡುವ ರೂಢಿ ಮೊದಲ ಅವಧಿಯಲ್ಲಿ ಬಲವಾಗಿರುತ್ತದೆ. ಎರಡನೆಯ ಸಲ ಗೆದ್ದು ಬಂದವಳಿಗೆ ನಡಾವಳಿ ಪುಸ್ತಕ ಓದುವುದೂ, ಕ್ರಿಯಾಯೋಜನೆಯಲ್ಲಿ ತನ್ನ ಕೇರಿಯ ನಲ್ಲಿ, ಚರಂಡಿ ಸೇರಿಸುವುದೂ ಗೊತ್ತಾಗಿರುತ್ತದೆ. 2023ರ ಜೂನ್ 11ರಂದು ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಶುರುವಾದ ಮೇಲೆ ತಾಲ್ಲೂಕು ಕಚೇರಿಗೆ, ಆಸ್ಪತ್ರೆಗೆ, ಕಾಲೇಜಿಗೆ ಗಂಡಸರ ಕೈಯಿಂದ ಚಾರ್ಜಿಗೆ ಕಾಸು ಕೇಳದೆ ಹೋಗಿ ಬರುವುದು ಸಾಧ್ಯವಾಗಿದೆ. ಕಾಸು ಬೇಕಿಲ್ಲದ ಈ ಪ್ರಯಾಣಕ್ಕೂ ಅನೇಕ ಮನೆಗಳಲ್ಲಿ ಅಪ್ಪಣೆ ಬೇಕು, ಕತ್ತಲಾಗುವುದರೊಳಗೆ ಮನೆ ಸೇರಬೇಕೆಂಬ ನಿಯಮ ಹುಡುಗಿಯರಿಗೆ ಮಾತ್ರ ಉಳಿದಿದೆ.